ಐಬಿಡಿ ಇದ್ದವರ ಪಥ್ಯ: ಯಾವುದು ಯಾರಿಗೆ, ಯಾವಾಗ, ಎಷ್ಟು ವಾರ?

ಐಬಿಡಿ ಅಂದರೆ ಕರುಳಿನಲ್ಲಿ ಬಹುಕಾಲ ಉಳಿಯುವ ಉರಿಯೂತದ ಕಾಯಿಲೆ. ಅದರ ಎರಡು ಮುಖ್ಯ ಬಗೆಗಳಾದ ಕ್ರೋನ್ಸ್ ಕಾಯಿಲೆ ಅಥವಾ ಅಲ್ಸರೇಟಿವ್ ಕೊಲೈಟಿಸ್ ಇದೆ ಅಂತ ಗೊತ್ತಾದ ಮೇಲೆ ಅಡುಗೆಮನೆಗೆ ಕೈ ಹಾಕುವ ಮೊದಲು ರಿಪೋರ್ಟಿನ ಫೈಲು ತೆಗೆದು ನಾಲ್ಕು ಸಂಗತಿ ನೋಡಬೇಕು. ಮೊದಲನೆಯದು, ಎರಡರಲ್ಲಿ ಯಾವ ಕಾಯಿಲೆ, ಕರುಳಿನ ಯಾವ ಭಾಗದಲ್ಲಿ. ಎರಡನೆಯದು, ಎಲ್ಲಾದರೂ ಕರುಳು ಕಿರಿದಾಗಿದೆಯೇ. ಸ್ಕ್ಯಾನ್ ಅಥವಾ ಕೊಲೊನೋಸ್ಕೋಪಿ ವರದಿಯಲ್ಲಿ ಇದನ್ನು ‘ಸ್ಟ್ರಿಕ್ಚರ್’ ಎಂದು ಬರೆದಿರುತ್ತಾರೆ. ಮೂರನೆಯದು, ಉರಿಯೂತ ಈಗ ಜೋರಾಗಿದೆಯೋ, ತಣ್ಣಗಿದೆಯೋ. ನಾಲ್ಕನೆಯದು, ಕಳೆದ ಆರು ತಿಂಗಳಲ್ಲಿ ಎಷ್ಟು ಕೆ.ಜಿ. ಇಳಿದಿದ್ದೀರಿ.

ಈ ನಾಲ್ಕಕ್ಕೆ ಉತ್ತರ ಇಲ್ಲದೆ ‘ಐಬಿಡಿಗೆ ಒಳ್ಳೆಯ ಡಯಟ್ ಯಾವುದು’ ಎಂದು ಕೇಳಿದರೆ ಯಾರೂ ಸರಿಯಾಗಿ ಹೇಳಲಾರರು. ಉರಿಯೂತ ತಣ್ಣಗಿದ್ದಾಗ ಮೈಗೆ ಹಿಡಿಯುವ ಜೋಳದ ರೊಟ್ಟಿ, ಹಸಿ ಉಳ್ಳಾಗಡ್ಡಿ ತಪ್ಪಲು, ಗುರೆಳ್ಳು ಚಟ್ನಿ ಇರುವ ತಾಟೇ ಕರುಳು ಕಿರಿದಾದವರನ್ನು ರಾತ್ರೋರಾತ್ರಿ ಆಸ್ಪತ್ರೆಗೆ ಸೇರಿಸಬಹುದು. ನಾಲ್ಕು ವಾರ ಪ್ರಾಣ ಉಳಿಸಿದ ಮೆತ್ತನ್ನ ಊಟವೂ ಅಷ್ಟೇ. ಅದನ್ನೇ ಆರು ತಿಂಗಳು ಎಳೆದರೆ ಮೈಯಲ್ಲಿ ಮಾಂಸ ಉಳಿಯುವುದಿಲ್ಲ. ಪಥ್ಯವೂ ಔಷಧಿಯಂತೆ: ಯಾವುದಕ್ಕೆ, ಎಷ್ಟು ದಿನ ಎಂಬ ಲೆಕ್ಕ ಇಲ್ಲದೆ ಶುರು ಮಾಡಬಾರದು.

ನಮ್ಮ ದೇಶದಲ್ಲಿ ಇನ್ನೊಂದು ಎಚ್ಚರ ಬೇಕು. ಕರುಳಿನ ಕ್ಷಯ ನೋಡಲಿಕ್ಕೆ ಥೇಟ್ ಕ್ರೋನ್ಸ್ ಥರವೇ ಇರುತ್ತದೆ. ಹೊಟ್ಟೆನೋವು, ಜ್ವರ, ತೂಕ ಇಳಿಯುವುದು, ಸಣ್ಣ ಕರುಳಿನ ತುದಿಯಲ್ಲಿ ಹುಣ್ಣು, ಎಲ್ಲವೂ ಎರಡರಲ್ಲೂ ಇವೆ. ಬಯಾಪ್ಸಿ ಆಗದೆ ‘ಕ್ರೋನ್ಸ್ ಇರಬಹುದು’ ಎಂಬ ಮಾತಿನ ಮೇಲೆ ಪಥ್ಯ ಹಿಡಿದು ಮನೆಯಲ್ಲಿ ಕೂತರೆ ಕ್ಷಯ ಬೆಳೆಯುತ್ತಾ ಹೋಗುತ್ತದೆ.

ಉರಿಯೂತ ಇದೆಯೋ ಇಲ್ಲವೋ

ಹೊಟ್ಟೆ ಉಬ್ಬರ, ಗ್ಯಾಸ್, ಎರಡು ಮೂರು ಸಲ ಮೋಷನ್ ಆದ ಮಾತ್ರಕ್ಕೆ ಕಾಯಿಲೆ ಕೆರಳಿದೆ ಎಂದಲ್ಲ. ಉರಿಯೂತ ಪೂರ್ತಿ ಇಳಿದ ಮೇಲೂ ಬಹಳ ಜನರಿಗೆ ಈ ತೊಂದರೆ ಉಳಿಯುತ್ತದೆ. ಎರಡನ್ನೂ ಬೇರ್ಪಡಿಸಿ ತೋರಿಸುವ ಸುಲಭ ಪರೀಕ್ಷೆ ಮಲದ ಕ್ಯಾಲ್‌ಪ್ರೊಟೆಕ್ಟಿನ್. ಗ್ರಾಂಗೆ 150 ಮೈಕ್ರೋಗ್ರಾಂಗಿಂತ ಕಡಿಮೆ ಬಂದು ತ್ರಾಸೂ ಇಲ್ಲದಿದ್ದರೆ ಸಾಮಾನ್ಯವಾಗಿ ನೆಮ್ಮದಿಯಾಗಿರಬಹುದು. 250 ದಾಟಿದ್ದರೆ ಉರಿಯೂತ ಇರುವ ಸಂಭವ ಹೆಚ್ಚು. ನೋವಿನ ಮಾತ್ರೆ ನುಂಗುತ್ತಿದ್ದರೆ ಅಂಕಿ ಸುಮ್ಮನೆ ಏರಬಹುದು, ಅದನ್ನು ಡಾಕ್ಟರಿಗೆ ಹೇಳಿ. ಹುಬ್ಬಳ್ಳಿಯ ಕೆಎಂಸಿಆರ್‌ಐ (ಮೊದಲಿನ ಕಿಮ್ಸ್) ಆಸ್ಪತ್ರೆ, ಸತ್ತೂರಿನ ಎಸ್‌ಡಿಎಂ, ಇಲ್ಲವೇ ಗದಗ-ಹಾವೇರಿಯ ನಿಮ್ಮ ಡಾಕ್ಟರು, ಎಲ್ಲಿಗೇ ಹೋಗಲಿ, ಪಥ್ಯ ಶುರು ಮಾಡುವ ಮೊದಲಿನ ಅಂಕಿ ಮತ್ತು ಆರು-ಎಂಟು ವಾರದ ನಂತರದ ಅಂಕಿ ಎರಡೂ ಕೈಯಲ್ಲಿರಲಿ. ಪಥ್ಯ ಕೆಲಸ ಮಾಡಿತೇ ಎಂಬುದಕ್ಕೆ ‘ಹಗುರ ಅನಿಸ್ತು’ ಎಂಬ ಮಾತೊಂದೇ ಸಾಕ್ಷಿಯಾಗಬಾರದು.

ಬರೀ ಫಾರ್ಮುಲಾ: ಕ್ರೋನ್ಸ್‌ಗೆ, ಅದರಲ್ಲೂ ಮಕ್ಕಳಿಗೆ

ಆರರಿಂದ ಎಂಟು ವಾರ ಊಟ ಪೂರ್ತಿ ನಿಲ್ಲಿಸಿ, ಎಲ್ಲ ಪೋಷಕಾಂಶವಿರುವ ದ್ರವ ಫಾರ್ಮುಲಾ ಒಂದನ್ನೇ ಕುಡಿಯುವ ಕ್ರಮ ಇದು. ಊಟದಿಂದಲೇ ಉರಿಯೂತ ಇಳಿಸಬಹುದು ಎಂಬುದಕ್ಕೆ ಅತಿ ಗಟ್ಟಿ ಪುರಾವೆ ಇರುವುದು ಇದಕ್ಕೆ. ಮಕ್ಕಳ ಕ್ರೋನ್ಸ್‌ನಲ್ಲಿ ಸ್ಟೆರಾಯ್ಡ್‌ಗೆ ಸಮವಾಗಿ ಕೆಲಸ ಮಾಡುತ್ತದೆ. ಸ್ಟೆರಾಯ್ಡ್ ಎತ್ತರ ಕುಂಠಿತಗೊಳಿಸುತ್ತದೆ, ಇದು ಬೆಳೆಸುತ್ತದೆ. ಹಾಗಾಗಿ ಯುರೋಪಿನ ಮಕ್ಕಳ ತಜ್ಞರ ಮಾರ್ಗಸೂಚಿ ಇದನ್ನೇ ಮೊದಲ ಚಿಕಿತ್ಸೆ ಎನ್ನುತ್ತದೆ. ದೊಡ್ಡವರಲ್ಲೂ ಕೆಲಸ ಮಾಡುತ್ತದೆ, ಆದರೆ ಅರ್ಧಕ್ಕೇ ಬಿಡುವವರು ಜಾಸ್ತಿ. ಅಲ್ಸರೇಟಿವ್ ಕೊಲೈಟಿಸ್ ಇಳಿಸಲು ಇದು ಚಿಕಿತ್ಸೆಯಲ್ಲ. ಆ ಕಾಯಿಲೆಯವರು ಇದಕ್ಕಾಗಿ ರೊಕ್ಕ ಸುರಿಯಬೇಡಿ.

ದೊಡ್ಡವರ ಲೆಕ್ಕ ಹೀಗೆ. ಕೆ.ಜಿ. ತೂಕಕ್ಕೆ ದಿನಕ್ಕೆ 30ರಿಂದ 35 ಕ್ಯಾಲರಿ. 50 ಕೆ.ಜಿ. ಇರುವ ದೊಡ್ಡವರಿಗೆ 1,500ರಿಂದ 1,750. ಸಾಮಾನ್ಯ ಫಾರ್ಮುಲಾ ಒಂದು ಮಿ.ಲೀ.ಗೆ ಒಂದು ಕ್ಯಾಲರಿ ಬರುವಂತೆ ಕಲಸುವುದರಿಂದ ದಿನಕ್ಕೆ ಸುಮಾರು ಒಂದೂವರೆಯಿಂದ ಒಂದೂಮುಕ್ಕಾಲು ಲೀಟರ್: 250 ಮಿ.ಲೀ. ಲೋಟದಲ್ಲಿ ಆರೇಳು ಸಲ. ಪುಡಿಯ ಲೆಕ್ಕದಲ್ಲಿ ದಿನಕ್ಕೆ ಹತ್ತಿರ ಹತ್ತಿರ ಒಂದು 400 ಗ್ರಾಂ ಡಬ್ಬಿ. ಆರು ವಾರಕ್ಕೆ 42 ಡಬ್ಬಿ, ಎಂಟಕ್ಕೆ 56. ಅಂಗಡಿಯಲ್ಲಿ ಬೆಲೆ ಕೇಳಿ, ಗುಣಿಸಿ, ಮನೆಯವರೆಲ್ಲ ಕೂತು ಮಾತಾಡಿ ಆಮೇಲೆ ಶುರು ಮಾಡಿ. ನಾಲ್ಕನೇ ವಾರದಲ್ಲಿ ಹಣ ಮುಗಿದು ನಿಲ್ಲಿಸಿದರೆ ಅಷ್ಟೂ ದಿನದ ಕಷ್ಟ ವ್ಯರ್ಥ. ದುಬಾರಿಯ, ಪ್ರೋಟೀನ್ ಪೂರ್ತಿ ಒಡೆದ ‘ಎಲಿಮೆಂಟಲ್’ ಫಾರ್ಮುಲಾವೇ ಬೇಕೆಂದಿಲ್ಲ. ಪ್ರೋಟೀನ್ ಒಡೆಯದ ಸಾಮಾನ್ಯ ‘ಪಾಲಿಮೆರಿಕ್’ ಫಾರ್ಮುಲಾ ಅಷ್ಟೇ ಕೆಲಸ ಮಾಡುತ್ತದೆ, ರುಚಿಯೂ ವಾಸಿ. ಆದರೆ ಜಿಮ್‌ಗೆ ಹೋಗುವವರ ಪ್ರೋಟೀನ್ ಪುಡಿ, ಮಕ್ಕಳ ಹಾಲಿಗೆ ಹಾಕುವ ಮಾಲ್ಟ್ ಪುಡಿ ಇದರ ಜಾಗಕ್ಕೆ ನಡೆಯುವುದಿಲ್ಲ. ಅವುಗಳನ್ನೇ ಕುಡಿದು ಒಂದು ವಾರವೂ ಬದುಕು ಸಾಗಿಸುವಂತಿಲ್ಲ. ಡಬ್ಬಿಯ ಮೇಲೆ ‘ಊಟಕ್ಕೆ ಬದಲಾಗಿ ಇದೊಂದೇ ಸಾಕು’ ಎಂಬ ಅರ್ಥದ ಸೂಚನೆ ಇರಬೇಕು.

ಕೆಡುವುದು ಎಲ್ಲಿ? ಮೊದಲ ವಾರದಲ್ಲಿ. ಒಂದೇ ಗುಟುಕಿಗೆ ಕುಡಿದರೆ ಹೊಟ್ಟೆ ತೊಳಸುತ್ತದೆ, ಭೇದಿಯಾಗುತ್ತದೆ. ಒಂದು ಲೋಟಕ್ಕೆ ಇಪ್ಪತ್ತು-ಮೂವತ್ತು ನಿಮಿಷ ಕೊಡಿ. ‘ಶಕ್ತಿ ಬರಲಿ’ ಎಂದು ಡಬ್ಬಿಯಲ್ಲಿ ಬರೆದದ್ದಕ್ಕಿಂತ ಹೆಚ್ಚು ಚಮಚ ಹಾಕಿದರೂ ಭೇದಿಯೇ. ತಣ್ಣಗೆ ಮಾಡಿ ಸ್ಟ್ರಾ ಹಾಕಿ ಕುಡಿದರೆ ವಾಸನೆ ಬಾಧಿಸುವುದಿಲ್ಲ. ಮೊದಲ ದಿನ ಬೇಕಾದದ್ದರ ಮೂರನೇ ಒಂದು ಪಾಲು, ಮೂರ್ನಾಲ್ಕು ದಿನದಲ್ಲಿ ಪೂರ್ತಿ. ಕಾಯಿಸಿ ಆರಿಸಿದ ನೀರಿನಲ್ಲೇ ಕಲಸಿ. ಹೊರಗಿಟ್ಟರೆ ನಾಲ್ಕು ತಾಸು, ಫ್ರಿಜ್ಜಿನಲ್ಲಿ 24 ತಾಸು. ಏಪ್ರಿಲ್-ಮೇ ಸೆಕೆಯಲ್ಲಿ ಕರೆಂಟ್ ಹೋಗಿ ಬಂದು ಮಾಡುತ್ತಿದ್ದರೆ ಅಷ್ಟು ಕಾಯದೆ ಆಗಿಂದಾಗ್ಗೆ ಕಲಸಿಕೊಳ್ಳುವುದೇ ಮೇಲು. ಕುಡಿಯುವ ನೀರು ಬೇರೆ ಬೇಕು. ಉಳಿದಂತೆ ಏನೂ ಇಲ್ಲ, ‘ಒಂದ್ ತುತ್ತು ಅನ್ನ, ಏನಾಗ್ತದ’ ಎಂಬುದೂ ಇಲ್ಲ. ಅಜ್ಜಿಯ ಅಕ್ಕರೆಗೆ ಇಲ್ಲಿ ಗಟ್ಟಿಯಾಗಿಯೇ ಬೇಡ ಅನ್ನಬೇಕಾಗುತ್ತದೆ. ಎರಡು ವಾರವಾದರೂ ನೋವು, ಭೇದಿ ಇಳಿಯುವ ಲಕ್ಷಣವೇ ಇಲ್ಲದಿದ್ದರೆ ಎಳೆಯಬೇಡಿ, ಡಾಕ್ಟರಿಗೆ ಹೇಳಿ. ಬೇರೆ ಚಿಕಿತ್ಸೆ ಬೇಕಾಗುತ್ತದೆ.

ಮೂರರಿಂದ ಆರು ತಿಂಗಳಲ್ಲಿ ತೂಕದ ಶೇ. 15ಕ್ಕಿಂತ ಹೆಚ್ಚು ಇಳಿದವರು, ಹತ್ತು ದಿನದಿಂದ ಹೊಟ್ಟೆಗೆ ಹೆಚ್ಚುಕಡಿಮೆ ಏನೂ ಹೋಗದವರು ಇದನ್ನು ಮನೆಯಲ್ಲಿ ಆರಂಭಿಸಲೇಬಾರದು. ಬಹಳ ದಿನ ಉಪವಾಸವಿದ್ದ ದೇಹಕ್ಕೆ ಒಮ್ಮೆಲೇ ಕ್ಯಾಲರಿ ಹೋದರೆ ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಕುಸಿದು ಹೃದಯದ ಬಡಿತ ತಪ್ಪುತ್ತದೆ. ಇದಕ್ಕೆ ರಿಫೀಡಿಂಗ್ ಸಿಂಡ್ರೋಮ್ ಎನ್ನುತ್ತಾರೆ. ಆಸ್ಪತ್ರೆಯಲ್ಲಿ ಥಯಾಮಿನ್ (ಬಿ1 ವಿಟಮಿನ್) ಕೊಟ್ಟು, ರಕ್ತ ಪರೀಕ್ಷೆ ಮಾಡುತ್ತಾ ನಿಧಾನವಾಗಿ ಏರಿಸಬೇಕು.

ಅರ್ಧ ಫಾರ್ಮುಲಾ, ಅರ್ಧ ಊಟ: ಕ್ರೋನ್ಸ್ ಎಕ್ಸ್‌ಕ್ಲೂಷನ್ ಡಯಟ್

ಇಸ್ರೇಲಿನ ಮಕ್ಕಳ ತಜ್ಞ ಆರಿ ಲೆವಿನ್ ಮತ್ತು ಸಂಗಡಿಗರು ರೂಪಿಸಿದ ಕ್ರಮ. ಮೊದಲ ಆರು ವಾರ ಅರ್ಧದಷ್ಟು ಕ್ಯಾಲರಿ ಫಾರ್ಮುಲಾದಿಂದ, ಅರ್ಧ ಗೊತ್ತುಪಡಿಸಿದ ಊಟದಿಂದ. ಮುಂದಿನ ಆರು ವಾರ ಫಾರ್ಮುಲಾ ಕಾಲು ಭಾಗ. 2019ರಲ್ಲಿ ಮಕ್ಕಳ ಮೇಲಿನ ಪರೀಕ್ಷೆ ಪ್ರಕಟವಾಯಿತು. ಆರನೇ ವಾರಕ್ಕೆ ಇದರಲ್ಲಿ ಶೇ. 75, ಬರೀ ಫಾರ್ಮುಲಾದಲ್ಲಿ ಶೇ. 59 ಮಕ್ಕಳು ಸ್ಟೆರಾಯ್ಡ್ ಇಲ್ಲದೆ ಹತೋಟಿಗೆ ಬಂದಿದ್ದರು; ಅಂಕಿಶಾಸ್ತ್ರದ ಪ್ರಕಾರ ಎರಡೂ ಸಮವೇ. ವ್ಯತ್ಯಾಸ ಕಂಡದ್ದು ಹನ್ನೆರಡನೇ ವಾರಕ್ಕೆ: ಇದರಲ್ಲಿ ಶೇ. 75ರ ಆಸುಪಾಸು, ಬರೀ ಫಾರ್ಮುಲಾದಿಂದ ಶುರು ಮಾಡಿದವರಲ್ಲಿ ಶೇ. 45ರ ಆಸುಪಾಸು. ಈ ಕ್ರಮವನ್ನು ಸಹಿಸಿಕೊಂಡ ಮಕ್ಕಳೂ ಹೆಚ್ಚು.

ನಮ್ಮ ಕಡೆಯ ತೊಡಕು ಇದರ ಪಟ್ಟಿಯಲ್ಲೇ ಇದೆ. ದಿನವೂ ತಿನ್ನಲೇಬೇಕಾದವು ಕೋಳಿಯ ಎದೆಯ ಮಾಂಸ, ಎರಡು ಮೊಟ್ಟೆ, ಸಿಪ್ಪೆ ತೆಗೆದು ಬೇಯಿಸಿ ತಣಿಸಿದ ಎರಡು ಬಟಾಟಿ, ಎರಡು ಬಾಳೆಹಣ್ಣು, ಒಂದು ಸೇಬು. ಅನ್ನಕ್ಕೆ ಅಡ್ಡಿಯಿಲ್ಲ. ಗೋಧಿ, ಹಾಲು, ಮೊಸರು, ತುಪ್ಪ, ಪ್ಯಾಕೆಟ್ ತಿನಿಸು ಬಂದ್. ಮೊದಲ ಹಂತದಲ್ಲಿ ಬೇಳೆಕಾಳೂ ಇಲ್ಲ. ಮಾಂಸಾಹಾರಿ ಮನೆಯಲ್ಲಿ ಇದು ಆಗುವ ಮಾತು: ಬಟಾಟಿಗೆ ಜೀರಿಗೆ, ಅರಿಷಿಣ, ಉಪ್ಪು, ಕೋಳಿ ತುಂಡಿಗೆ ಲಿಂಬು ಮತ್ತು ಕರಿಮೆಣಸು, ಅನ್ನ. ಸಾವಜಿ ಖಾನಾವಳಿಯ ಮಸಾಲೆ ಮಾತ್ರ ಹನ್ನೆರಡು ವಾರ ದೂರ. ಆದರೆ ಮೊಟ್ಟೆಯನ್ನೂ ಮುಟ್ಟದ ಮನೆಯಲ್ಲಿ ಕೋಳಿ, ಮೊಟ್ಟೆ, ಹಾಲು, ಬೇಳೆ ನಾಲ್ಕೂ ಹೋದ ಮೇಲೆ ಪ್ರೋಟೀನ್ ಎಲ್ಲಿಂದ ಬರಬೇಕು? ಕೋಳಿಯ ಜಾಗಕ್ಕೆ ಪನೀರ್ ಇಟ್ಟು ‘ಅದೇ ಡಯಟ್ ಮಾಡ್ತಿದೀವಿ’ ಅಂದರೆ ಅದು ಪರೀಕ್ಷೆಗೆ ಒಳಗಾದ ಡಯಟ್ ಅಲ್ಲ. ಶುದ್ಧ ಸಸ್ಯಾಹಾರಿಗಳಿಗೆ ನಾವು ಇದನ್ನು ಹೇಳುವುದಿಲ್ಲ. ಬರೀ ಫಾರ್ಮುಲಾ, ಇಲ್ಲವೇ ಔಷಧಿ ಜೊತೆಗೆ ಮುಂದೆ ಬರುವ ಮನೆಯೂಟ, ಇವೆರಡರಲ್ಲಿ ಒಂದು ಆರಿಸಿಕೊಳ್ಳುವುದು ಪ್ರಾಮಾಣಿಕ.

ನಾರು ಕಡಿಮೆಯ ಮೆತ್ತನ್ನ ಊಟ: ಕರುಳು ಕಿರಿದಾದವರಿಗೆ ಕಡ್ಡಾಯ, ಉಳಿದವರಿಗೆ ತಾತ್ಕಾಲಿಕ

ಇದು ಉರಿಯೂತ ಇಳಿಸುವುದಿಲ್ಲ. ಕಿರಿದಾದ ಜಾಗದಲ್ಲಿ ನಾರು, ಬೀಜ, ಸಿಪ್ಪೆ ಸಿಕ್ಕಿಕೊಂಡು ಕರುಳು ಕಟ್ಟದಂತೆ ನೋಡಿಕೊಳ್ಳುತ್ತದೆ, ಅಷ್ಟೇ. ಸ್ಟ್ರಿಕ್ಚರ್ ಇಲ್ಲದವರು ಕಾಯಿಲೆ ಕೆರಳಿದ ಎರಡರಿಂದ ನಾಲ್ಕು ವಾರ ಹಿಡಿದು, ತ್ರಾಸು ಇಳಿದಂತೆ ಬಿಡಬೇಕು.

ನಮ್ಮ ತಾಟಿನಲ್ಲಿ ಸ್ಟ್ರಿಕ್ಚರ್ ಇದ್ದವರಿಗೆ ಅಪಾಯಕಾರಿಯಾದವು ಖಾರಕ್ಕಿಂತ ಬೇರೆಯವು. ಜಗಿದರೂ ನುರಿಯದ ಪದಾರ್ಥಗಳೇ ಮುಖ್ಯ: ಇಡೀ ಗುರೆಳ್ಳು, ಅಗಸಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಖಡಕ್ ರೊಟ್ಟಿ, ಪುಂಡಿ ಪಲ್ಯದ ನಾರು, ನುಗ್ಗೆಕಾಯಿ, ಬದನೆ ಬೀಜ, ಮಡಕಿ ಕಾಳು, ಕಡಲೆ, ಪೇರಲ, ದಾಳಿಂಬೆ, ಒಣಕೊಬ್ಬರಿ, ಸುಟ್ಟ ಗೋವಿನಜೋಳದ ತೆನೆ. ಹಾವೇರಿ ಕಡೆ ಮಳೆಗಾಲದಲ್ಲಿ ತೆನೆ ಸುಟ್ಟು ತಿನ್ನುವುದು ಎಲ್ಲರ ಮನೆಯ ಮಾತು. ಸ್ಟ್ರಿಕ್ಚರ್ ಇದ್ದವರಿಗೆ ಅದೊಂದು ಬೇಡವೇ ಬೇಡ. ಇಸಬ್ಗೋಲ್ ಕೂಡ ನೀರು ಹೀರಿ ಉಬ್ಬುವುದರಿಂದ ಇವರಿಗೆ ನಿಷಿದ್ಧ. ಕೊಲೈಟಿಸ್ ತಣ್ಣಗಿದ್ದು ಮೋಷನ್ ಸಡಿಲ ಇರುವವರಿಗೆ ಅದೇ ಇಸಬ್ಗೋಲ್ ಉಪಕಾರ ಮಾಡಬಹುದು.

ಖಾರದ ಬಗ್ಗೆ ಇಲ್ಲಿಯೇ ಹೇಳಿಬಿಡಬೇಕು. ಮೆಣಸಿನಕಾಯಿ ಈ ಕಾಯಿಲೆಯನ್ನು ಹುಟ್ಟಿಸುತ್ತದೆ ಎಂಬುದಕ್ಕೆ ಪುರಾವೆಯಿಲ್ಲ. ಕೆರಳಿದ ಕರುಳಿಗೆ ಉರಿ, ಅವಸರ ಹೆಚ್ಚು ಮಾಡುತ್ತದೆ ಎಂಬುದು ನಿಜ. ಬ್ಯಾಡಗಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ. ಬೀಜ ತೆಗೆದು ಪುಡಿ ಮಾಡಿದ ಅದರ ಒಂದು ಚಿಟಿಕೆ ಹಾಕಿದರೆ ತಾಟು ರೋಗಿಯ ತಾಟಿನಂತೆ ಕಾಣುವುದಿಲ್ಲ, ಊಟವೂ ಸೇರುತ್ತದೆ. ಹಸಿಮೆಣಸಿನಕಾಯಿ ಠೇಚಾ, ಮಿರ್ಚಿ ಭಜಿ ಬೇರೆ ವಿಷಯ. ಮಿರ್ಚಿ ಭಜಿಯಲ್ಲಿ ಕಾಯಿ, ಬೀಜ, ಕಡ್ಲಿಹಿಟ್ಟು, ಮತ್ತೆ ಮತ್ತೆ ಕಾದ ಎಣ್ಣೆ, ನಾಲ್ಕೂ ಸೇರಿವೆ.

ಮೆತ್ತನ್ನ ಊಟದಲ್ಲಿ ಆಗುವ ನಿಜವಾದ ಅನಾಹುತ ಇನ್ನೊಂದು. ಗಂಜಿ, ಬ್ರೆಡ್, ಮಜ್ಜಿಗಿ ಅಂತ ತಿಂಗಳುಗಟ್ಟಲೆ ಸಾಗುತ್ತದೆ. 200 ಗ್ರಾಂ ಅಕ್ಕಿ, ಎರಡು ಲೋಟ ತೆಳು ಮಜ್ಜಿಗಿ ಸೇರಿದರೆ ಪ್ರೋಟೀನ್ 20 ಗ್ರಾಂ ಆಚೀಚೆ. ಕಾಯಿಲೆ ಕೆರಳಿದಾಗ ಬೇಕಾದದ್ದು ಕೆ.ಜಿ. ತೂಕಕ್ಕೆ 1.2ರಿಂದ 1.5 ಗ್ರಾಂ, ಅಂದರೆ 50 ಕೆ.ಜಿ.ಯವರಿಗೆ 60ರಿಂದ 75 ಗ್ರಾಂ. ಮೂರನೇ ಒಂದು ಪಾಲು ಮಾತ್ರ ಸಿಕ್ಕಿ ತೊಡೆಯ ಸ್ನಾಯು ಕರಗುತ್ತದೆ. ಮನೆಯವರು ಕಾಯಿಲೆಯೇ ಹಾಗೆ ಮಾಡಿತು ಅಂದುಕೊಳ್ಳುತ್ತಾರೆ.

ನಾರು ಹೆಚ್ಚಿಸದೆ ಇದನ್ನು ತುಂಬಲು ಸಾಧ್ಯವಿದೆ. 150 ಗ್ರಾಂ ಅಕ್ಕಿಯ ಅನ್ನ ಮೂರು ಹೊತ್ತಿಗೆ ಹಂಚಿ. ಸಿಪ್ಪೆ ಇಲ್ಲದ ಹೆಸರುಬೇಳೆ 60 ಗ್ರಾಂ, ಕುಕ್ಕರಿನಲ್ಲಿ ಚೆನ್ನಾಗಿ ಕುದಿಸಿ ಕಡೆಗೋಲಿನಿಂದ ಕಡೆದು ಒಗ್ಗರಣೆಗೆ ಜೀರಿಗೆ, ಹಿಂಗು. ಮೊಸರು 400 ಗ್ರಾಂ. ಪನೀರ್ 100 ಗ್ರಾಂ, ಇಲ್ಲವೇ ಮೂರು ಮೊಟ್ಟೆ. ಸಿಪ್ಪೆ ತೆಗೆದ ಬಟಾಟಿ 200 ಗ್ರಾಂ, ಎರಡು ಬಾಳೆಹಣ್ಣು, ತುಪ್ಪ-ಎಣ್ಣೆ ಸೇರಿ ಮೂರು ದೊಡ್ಡ ಚಮಚ. ಒಟ್ಟು ಸುಮಾರು 1,900 ಕ್ಯಾಲರಿ, 60 ಗ್ರಾಂ ಪ್ರೋಟೀನ್. ಹಸಿವೆ ಇಲ್ಲದವರು ಮೂರು ದೊಡ್ಡ ಊಟದ ಬದಲು ಆರು ಸಣ್ಣ ಬಟ್ಟಲು ಮಾಡಿಕೊಳ್ಳಿ, ಕೊರತೆಗೆ ಫಾರ್ಮುಲಾ ಒಂದೆರಡು ಲೋಟ. ಪಲ್ಯಕ್ಕೆ ಸೋರೆ, ಹೀರೆ, ಕುಂಬಳ, ಗಜ್ಜರಿ: ಸಿಪ್ಪೆ, ತಿರುಳಿನ ಬೀಜ ತೆಗೆದು ಬೆರಳಲ್ಲಿ ಒತ್ತಿದರೆ ಹಿಸುಕುವಷ್ಟು ಬೇಯಿಸಿ. ಬೀಜ-ಸಿಪ್ಪೆ ತೆಗೆದ ತರಕಾರಿ ಸ್ಟ್ರಿಕ್ಚರ್ ಇದ್ದವರಿಗೂ ಸಾಮಾನ್ಯವಾಗಿ ನಡೆಯುತ್ತದೆ. ಹೆದರಿ ತರಕಾರಿಯನ್ನೇ ಬಿಡಬೇಕಿಲ್ಲ.

ಲೋ ಫಾಡ್‌ಮ್ಯಾಪ್: ಉರಿಯೂತ ಇಳಿದ ಮೇಲೂ ಹೊಟ್ಟೆ ಉಬ್ಬುತ್ತಿದ್ದರೆ

ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಇದು ಕರುಳಿನಲ್ಲಿ ಹುಳಿತು ಗ್ಯಾಸ್ ಮಾಡುವ, ಫಾಡ್‌ಮ್ಯಾಪ್ ಎಂದು ಕರೆಯುವ ಕೆಲವು ಸಕ್ಕರೆಗಳನ್ನು ಕಡಿಮೆ ಮಾಡುತ್ತದೆ. ಕ್ಯಾಲ್‌ಪ್ರೊಟೆಕ್ಟಿನ್ ಸರಿಯಿದ್ದೂ ಉಬ್ಬರ, ಗುಡುಗುಡು, ಸೆಳೆತ ಉಳಿದವರಿಗೆ ಮಾತ್ರ. ಲಂಡನ್ನಿನ ಕಿಂಗ್ಸ್ ಕಾಲೇಜಿನ ತಂಡ 2020ರಲ್ಲಿ ಪ್ರಕಟಿಸಿದ ನಾಲ್ಕು ವಾರದ ಪರೀಕ್ಷೆಯಲ್ಲಿ ಇದನ್ನು ಹಿಡಿದವರಲ್ಲಿ ಅರ್ಧದಷ್ಟು ಜನ ಸಾಕಷ್ಟು ಆರಾಮವಾಯಿತು ಎಂದರು. ಉರಿಯೂತದ ಅಂಕಿ ಬದಲಾಗಲಿಲ್ಲ. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಕೆಲವು ಕಡಿಮೆಯಾದವು. ನಾಲ್ಕು, ಹೆಚ್ಚೆಂದರೆ ಆರು ವಾರಕ್ಕೆ ನಿಲ್ಲಿಸಬೇಕಾದ ಕಾರಣ ಅದೇ.

ನಮ್ಮಲ್ಲಿ ಇದರ ದೊಡ್ಡ ಶತ್ರು ಉಳ್ಳಾಗಡ್ಡಿ ಮತ್ತು ಬಳ್ಳೊಳ್ಳಿ. ಗಿರ್ಮಿಟ್ಟಿನಿಂದ ಝುಣಕದವರೆಗೆ, ಎಣ್ಣೆಗಾಯಿಯಿಂದ ಶೇಂಗಾ ಚಟ್ನಿಯವರೆಗೆ ಇವಿಲ್ಲದ್ದು ಯಾವುದು? ದಾರಿ ಇದೆ. ಈ ಸಕ್ಕರೆ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಹಾಗಾಗಿ ಇಡೀ ಬಳ್ಳೊಳ್ಳಿ ಎಸಳನ್ನು ಎಣ್ಣೆಯಲ್ಲಿ ಕೆಂಪಗೆ ಹುರಿದು ಎಸಳು ಪೂರ್ತಿ ತೆಗೆದುಹಾಕಿ, ಆ ಎಣ್ಣೆಯಲ್ಲೇ ಒಗ್ಗರಣೆ ಕೊಟ್ಟರೆ ಘಮ ಬರುತ್ತದೆ, ಗ್ಯಾಸ್ ಬರುವುದಿಲ್ಲ. ನೀರು ಹಾಕುವ ಮೊದಲೇ ತೆಗೆಯಬೇಕು. ಸಾರಿನಲ್ಲಿ ಕುದಿಸಿ ಕೊನೆಗೆ ಆರಿಸಿ ತೆಗೆದರೆ ಏನೂ ಉಪಯೋಗವಿಲ್ಲ. ಉಳ್ಳಾಗಡ್ಡಿ ತಪ್ಪಲಿನ ಹಸಿರು ಎಲೆ ನಡೆಯುತ್ತದೆ, ಬುಡದ ಬಿಳಿ ಗಡ್ಡೆ ನಡೆಯುವುದಿಲ್ಲ.

ಅಕ್ಕಿ, ಜೋಳ ನಡೆಯುತ್ತವೆ. ಜೋಳದ ರೊಟ್ಟಿ ಉಣ್ಣುವ ನಾಡಿಗೆ ಇದೊಂದು ದೊಡ್ಡ ಅನುಕೂಲ, ಚಪಾತಿ ಒಂದನ್ನೇ ನಂಬಿದವರಿಗಿಂತ ನಮಗೆ ಸುಲಭ. ಗೋಧಿ, ಮಡಕಿ, ಅಲಸಂದೆ, ಕಡಲೆ, ಹಾಲು, ಸೇಬು, ಮಾವು, ಕಲ್ಲಂಗಡಿ, ಹೂಕೋಸು ಬಿಡಬೇಕು. ಪೇಢೆ ಹಾಲಿನ ಖೋವಾ ಆದ್ದರಿಂದ ಅದೂ ಬಿಡಬೇಕಾದ ಸಾಲಿಗೇ. ಬೇಯಿಸಿದ ಹೆಸರುಕಾಳು ಕಾಲು ಬಟ್ಟಲಿನಷ್ಟು ಬಹಳ ಜನರಿಗೆ ಒಗ್ಗುತ್ತದೆ.

ಬಿಟ್ಟದ್ದನ್ನು ಮರಳಿ ಸೇರಿಸುವ ಹಂತವನ್ನೇ ಜನ ಮರೆತುಬಿಡುತ್ತಾರೆ, ಪಥ್ಯದ ಫಲ ಇರುವುದೇ ಅಲ್ಲಿ. ಒಂದು ಸಲಕ್ಕೆ ಒಂದೇ ಪದಾರ್ಥ, ಮೂರು ದಿನ, ಏರುವ ಪ್ರಮಾಣ. ಗೋಧಿಗೆ ಮೊದಲ ದಿನ ಅರ್ಧ ಚಪಾತಿ, ಎರಡನೇ ದಿನ ಒಂದು, ಮೂರನೇ ದಿನ ಎರಡು. ಹಾಲಿಗೆ ಕಾಲು, ಅರ್ಧ, ಒಂದು ಲೋಟ. ನಂತರ ಎರಡು-ಮೂರು ದಿನ ಬಿಡುವು ಕೊಟ್ಟು ಮುಂದಿನದು. ಯಾವುದು, ಎಷ್ಟಕ್ಕೆ ತ್ರಾಸು ಕೊಟ್ಟಿತು ಎಂದು ಬರೆದಿಡಿ. ಕೊನೆಗೆ ಬಿಡಬೇಕಾಗಿ ಬರುವುದು ಸಾಮಾನ್ಯವಾಗಿ ಎರಡೋ ಮೂರೋ ಪದಾರ್ಥ ಮಾತ್ರ.

ಧಾನ್ಯವೇ ಇಲ್ಲದ ಎಸ್‌ಸಿಡಿ

ಅಕ್ಕಿ, ಜೋಳ, ಗೋಧಿ, ರಾಗಿ, ಬಟಾಟಿ, ಸಕ್ಕರೆ, ಹಾಲು ಎಲ್ಲ ಬಿಡಿಸುವ ಈ ಸ್ಪೆಸಿಫಿಕ್ ಕಾರ್ಬೋಹೈಡ್ರೇಟ್ ಡಯಟ್ (ಎಸ್‌ಸಿಡಿ) ಅಂತರ್ಜಾಲದಲ್ಲಿ ಬಹಳ ಹೆಸರು ಮಾಡಿದೆ. ಅಮೆರಿಕದಲ್ಲಿ ಕ್ರೋನ್ಸ್ ಇದ್ದ 194 ಜನರ ಮೇಲೆ ಇದನ್ನು ಮೆಡಿಟರೇನಿಯನ್ ಊಟದ ಜೊತೆ ಹೋಲಿಸಿ 2021ರಲ್ಲಿ ಫಲಿತಾಂಶ ಕೊಟ್ಟರು. ಆರು ವಾರಕ್ಕೆ ಲಕ್ಷಣ ಇಳಿದವರು ಇದರಲ್ಲಿ ಶೇ. 46.5, ಅದರಲ್ಲಿ ಶೇ. 43.5. ಹೇಳಿಕೊಳ್ಳುವ ವ್ಯತ್ಯಾಸವೇ ಇಲ್ಲ. ರೊಟ್ಟಿ-ಅನ್ನ ಎರಡೂ ಕಿತ್ತುಕೊಂಡು ಅದೇ ಫಲ ಕೊಡುವುದಾದರೆ ಯಾಕೆ ಬೇಕು? ಸಣಕಲಾದ ರೋಗಿಗೆ ಇದನ್ನು ಯಾರಾದರೂ ಹೇಳಿದರೆ ಬೇಡ ಎನ್ನಿ.

ದೀರ್ಘಕಾಲಕ್ಕೆ: ಮೆಡಿಟರೇನಿಯನ್ ಮಾದರಿ, ನಮ್ಮ ಒಲೆಯ ಮೇಲೆ

ಸ್ಟ್ರಿಕ್ಚರ್ ಇಲ್ಲದೆ, ಕಾಯಿಲೆ ತಣ್ಣಗಿರುವ ಎಲ್ಲರಿಗೂ, ಕ್ರೋನ್ಸ್ ಇರಲಿ ಕೊಲೈಟಿಸ್ ಇರಲಿ, ನಮ್ಮ ಆಯ್ಕೆ ಇದು. ಅಮೆರಿಕದ ಜಠರ-ಕರುಳು ತಜ್ಞರ ಸಂಘವೂ 2024ರಲ್ಲಿ ಇದನ್ನೇ ಹೇಳಿತು. ಹೆಸರು ಕೇಳಿ ಆಲಿವ್ ಎಣ್ಣೆ ಬಾಟಲಿ ತರಲು ಓಡಬೇಡಿ. ಇದರ ತಿರುಳು ತರಕಾರಿ, ಹಣ್ಣು, ಬೇಳೆಕಾಳು, ಇಡಿ ಧಾನ್ಯ, ಸಸ್ಯಮೂಲದ ಎಣ್ಣೆ, ಮೀನು ಹೆಚ್ಚು. ಕೆಂಪು ಮಾಂಸ, ಸಕ್ಕರೆ, ಕಾರ್ಖಾನೆ ತಿನಿಸು ಕಡಿಮೆ. ಜೋಳದ ರೊಟ್ಟಿ, ಕಾಳುಪಲ್ಯ, ಸೊಪ್ಪಿನ ಪಲ್ಯ, ಮೊಸರು, ಶೇಂಗಾ ಹಿಂಡಿ ಇರುವ ಧಾರವಾಡದ ತಾಟು ಇದಕ್ಕೆ ಎಷ್ಟು ಹತ್ತಿರ ನೋಡಿ. ಬದಲಿಸಬೇಕಾದದ್ದು ಸ್ವಲ್ಪ. ಕುಸುಬಿ ಎಣ್ಣೆಯೊಂದನ್ನೇ ಬಳಸುವವರು ಶೇಂಗಾ ಎಣ್ಣೆಗೆ ಬನ್ನಿ, ಡಾಲ್ಡಾ ಬಿಡಿ. ಬೇಕರಿಯ ಖಾರಿ, ಪಫ್, ಕ್ರೀಂ ಬಿಸ್ಕಿಟ್, ಪ್ಯಾಕೆಟ್ ಐಸ್‌ಕ್ರೀಂ ವಾರದ ಸಾಮಾನಿನ ಚೀಟಿಯಿಂದ ತೆಗೆಯಿರಿ; ಕ್ಯಾರಜೀನನ್, ಪಾಲಿಸಾರ್ಬೇಟ್ 80, ಕಾರ್ಬಾಕ್ಸಿಮಿಥೈಲ್ ಸೆಲ್ಯುಲೋಸ್‌ನಂಥ ಸೇರಿಕೆಗಳನ್ನು ಕಡಿಮೆ ಮಾಡಿ ಎಂಬುದು ತಜ್ಞರ ಸಲಹೆ. ಮೀನು ತಿನ್ನುವವರಿಗೆ ಕರಾವಳಿಯಿಂದ ಬರುವ ಬಂಗಡೆ ವಾರಕ್ಕೆ ಎರಡು ಸಲ, ಮಟನ್ ಅಪರೂಪಕ್ಕೆ. ಹಾಲು ಕಾಯಿಸಿದ್ದೇ ಆಗಬೇಕು. ರೋಗನಿರೋಧಕ ಶಕ್ತಿ ತಗ್ಗಿಸುವ ಅಜಥಯೋಪ್ರಿನ್, ಬಯಾಲಜಿಕ್ ಔಷಧಿಯಲ್ಲಿ ಇರುವವರು ಹಸಿ ಹಾಲು, ರಸ್ತೆಬದಿಯ ಹೆಚ್ಚಿಟ್ಟ ಹಣ್ಣು ಮುಟ್ಟಬಾರದು; ರೊಟ್ಟಿ ಜೊತೆ ಕಚ್ಚುವ ಹಸಿ ಮೆಂತ್ಯ, ಮೂಲಂಗಿ, ಸವತಿಕಾಯಿ ಮನೆಯಲ್ಲಿ ಚೆನ್ನಾಗಿ ತೊಳೆದದ್ದೇ ಇರಲಿ.

ಮೆತ್ತನ್ನ ಊಟದಿಂದ ರೊಟ್ಟಿಗೆ ಮರಳುವುದು ಅವಸರದ ಕೆಲಸವಲ್ಲ. 50 ಗ್ರಾಂ ಹಿಟ್ಟಿನ ಒಂದು ರೊಟ್ಟಿಯಲ್ಲಿ ಸುಮಾರು 5 ಗ್ರಾಂ ನಾರು ಇರುತ್ತದೆ. ಮೊದಲ ಮೂರ್ನಾಲ್ಕು ದಿನ ಸಣ್ಣಗೆ ಸೋಸಿದ ಜೋಳದ ಹಿಟ್ಟಿನ ಅಂಬಲಿ, ಅದಕ್ಕೆ ಮಜ್ಜಿಗಿ. ಆಮೇಲೆ ಅರ್ಧ ಬಿಸಿ ರೊಟ್ಟಿ, ಬೇಳೆಸಾರಿನಲ್ಲಿ ನೆನೆಸಿ ಕಿವುಚಿ. ನಾಲ್ಕು ದಿನ ತ್ರಾಸಿಲ್ಲದಿದ್ದರೆ ಒಂದು ಬಿಸಿ ಮೆತ್ತನ್ನ ರೊಟ್ಟಿ. ಇಡಿ ಕಾಳಿಗಿಂತ ಮೊದಲು ಒಡೆದ ಬೇಳೆ, ಸೊಪ್ಪಿಗೆ ದಂಟು ತೆಗೆದು ಸಣ್ಣಗೆ ಹೆಚ್ಚಿ ಬೇಯಿಸಿದ ಪಾಲಕ್, ಆಮೇಲೆ ಮೆಂತ್ಯ. ಶೇಂಗಾ, ಅಗಸಿ ನುಣ್ಣಗೆ ಪುಡಿಯಾಗಿ ಒಂದು ಚಮಚದಿಂದ. ಖಡಕ್ ರೊಟ್ಟಿ, ಹಸಿ ಕೋಸಂಬರಿ ಎಲ್ಲಕ್ಕೂ ಕೊನೆಗೆ.

ಯಾವ ಪಥ್ಯವಿದ್ದರೂ ಬಿಡಬಾರದವು

ಔಷಧಿ ಮೊದಲನೆಯದು. ಊಟ ಸರಿಹೋಯಿತು ಎಂದು ಉರಿಯೂತ ತಡೆಯುವ ಮೆಸಲಮೈನ್ ಮಾತ್ರೆ ನಿಲ್ಲಿಸಿದವರಿಗೆ ಕೊಲೈಟಿಸ್ ಮರಳುವ ಸಂಭವ ಹೆಚ್ಚು. ಕ್ರೋನ್ಸ್ ಇರುವವರಿಗೆ ಬೀಡಿ-ಸಿಗರೇಟು ಬಿಡುವುದು ಯಾವುದೇ ಪಥ್ಯಕ್ಕೆ ಕಡಿಮೆಯಲ್ಲ.

ಸಣ್ಣ ಕರುಳಿನ ತುದಿಯ 20 ಸೆಂ.ಮೀ.ಗಿಂತ ಹೆಚ್ಚು ಕತ್ತರಿಸಿ ತೆಗೆದವರಿಗೆ ಬಿ12 ಊಟದಿಂದ ಸಾಲುವುದಿಲ್ಲ, ಜೀವನಪರ್ಯಂತ ಹೊರಗಿನಿಂದಲೇ ಬೇಕಾಗುತ್ತದೆ. ಸಸ್ಯಾಹಾರಿಗಳಲ್ಲಿ ಕೊರತೆ ಮೊದಲೇ ಇರುತ್ತದೆ. ಸಲ್ಫಾಸಲಜೈನ್, ಮೆಥೋಟ್ರೆಕ್ಸೇಟ್ ತೆಗೆದುಕೊಳ್ಳುವವರಿಗೆ ಫೋಲಿಕ್ ಆಮ್ಲ ಬೇಕು. ಸ್ಟೆರಾಯ್ಡ್ ನಡೆಯುವಾಗ ಕ್ಯಾಲ್ಸಿಯಂ, ಡಿ ವಿಟಮಿನ್. ಹಾಲು ಬಿಟ್ಟವರು ದಿನಕ್ಕೆ ಅರ್ಧ ಲೀಟರಿನಿಂದ ಬರುತ್ತಿದ್ದ ಸುಮಾರು 600 ಮಿ.ಗ್ರಾಂ ಕ್ಯಾಲ್ಸಿಯಂ ಎಲ್ಲಿಂದ ತರುತ್ತೇವೆ ಎಂದು ಯೋಚಿಸಿ. ಬಹಳ ಜನರಿಗೆ ಹಾಲು ಒಗ್ಗದಿದ್ದರೂ ಮೊಸರು ಒಗ್ಗುತ್ತದೆ. ಹಿಮೋಗ್ಲೋಬಿನ್ 10ಕ್ಕಿಂತ ಕೆಳಗಿದ್ದು ಕಾಯಿಲೆ ಕೆರಳಿದ್ದರೆ ಕಬ್ಬಿಣ ರಕ್ತನಾಳದ ಮೂಲಕ ಕೊಡುವುದು ಸರಿಯಾದ ಕ್ರಮ. ಬೆಲ್ಲ-ಬೀಟ್‌ರೂಟಿನಿಂದ ಅದು ತುಂಬುವುದಿಲ್ಲ. ವಾರಕ್ಕೊಮ್ಮೆ, ಒಂದೇ ತಕ್ಕಡಿಯಲ್ಲಿ, ಬೆಳಿಗ್ಗೆ ತೂಕ ನೋಡಿ ಬರೆಯಿರಿ, ತಿಂಗಳಲ್ಲಿ ಶೇ. 5 ಇಳಿದರೆ ನೀವು ಹಿಡಿದ ಪಥ್ಯ ಎಷ್ಟೇ ಒಳ್ಳೆಯದಿರಲಿ, ನಿಲ್ಲಿಸಿ ಡಯಟಿಶಿಯನ್ ಹತ್ತಿರ ಹೋಗಿ.

ದಿನಕ್ಕೆ ಆರು ಅಥವಾ ಹೆಚ್ಚು ಸಲ ರಕ್ತಭೇದಿ, ಜೊತೆಗೆ 37.8 ಡಿಗ್ರಿ ಸೆಲ್ಸಿಯಸ್ ಮೀರಿದ ಜ್ವರ ಅಥವಾ ನಿಮಿಷಕ್ಕೆ 90 ದಾಟಿದ ನಾಡಿಬಡಿತ ಇದ್ದರೆ ಪಥ್ಯದ ಮಾತೇ ಬೇಡ, ಅಂದೇ ಆಸ್ಪತ್ರೆಗೆ ಸೇರಬೇಕು. ಹೊಟ್ಟೆ ಉಬ್ಬಿ ಸೆಳೆತ ಬಂದು, ವಾಂತಿಯಾಗಿ, ಗಾಳಿ-ಮೋಷನ್ ಎರಡೂ ನಿಂತರೆ ಕರುಳು ಕಟ್ಟಿದೆ ಎಂದೇ ತಿಳಿಯಿರಿ. ಬಾಯಿಗೆ ಏನೂ ಹಾಕದೆ, ಸ್ಕ್ಯಾನ್ ಮತ್ತು ಶಸ್ತ್ರಚಿಕಿತ್ಸೆ ಎರಡೂ ಇರುವ ಆಸ್ಪತ್ರೆಗೆ ಹಳೆಯ ರಿಪೋರ್ಟ್ ಸಮೇತ ಹೊರಡಿ.